ಪರನಾಡಿನ ಮುಯ್ಯಾಳುಗಳು

ನಮ್ಮ ಗುಡೂರಿನ ಸುತ್ತಲಿನ ಹಳ್ಳಿಗಳಲ್ಲಿ ‘ಮುಯ್ಯಾಳು’ ಎಂಬ ಮಾತನ್ನು ಕೇಳದವರು ವಿರಳ. ಹಿಂಗಾರಿ ಜೋಳ ಕೀಳುವ ಕಾಲ ಬಂದಾಗ ಒಬ್ಬನ ಹೊಲಕ್ಕೆ ನೆರೆಯವನು ಕೂಲಿ ಕೇಳದೆ ಬಂದು ದುಡಿಯುವನು. ಮುಂದೆ ಅವನ ಹೊಲದಲ್ಲಿ ಕೆಲಸ ಬಿದ್ದಾಗ ಇವನು ಹೋಗಿ ಅಷ್ಟೇ ದಿನ ದುಡಿದು ಮುಯ್ಯಿ ತೀರಿಸುವನು. ಇದರಲ್ಲಿ ದಾನವೂ ಇಲ್ಲ, ದೈನ್ಯವೂ ಇಲ್ಲ. ಇಂದು ಕೊಡುವವನು ನಾಳೆ ಪಡೆಯುವವನು. ಆದುದರಿಂದ ಕೊಡುವವನ ತಲೆ ಏರುವುದಿಲ್ಲ, ಪಡೆಯುವವನ ತಲೆ ತಗ್ಗುವುದಿಲ್ಲ.

ಇದು ಒಂದು ಊರಿನೊಳಗಿನ ಮಾತಾಯಿತು. ಆದರೆ ಹತ್ತು ಸಾವಿರ ಮೈಲುಗಳಾಚೆಯ ಒಬ್ಬ ತರುಣನು, ನಮ್ಮ ಮುಖ ಕಂಡವನಲ್ಲ, ನಮ್ಮ ಮಾತು ಬಲ್ಲವನಲ್ಲ, ತನ್ನ ಆಯುಷ್ಯದ ಎರಡು ವರ್ಷಗಳನ್ನು ತೆಗೆದಿಟ್ಟು ನಮ್ಮ ಹಳ್ಳಿಗೆ ಬಂದು ಕೆಲಸಕ್ಕೆ ನಿಂತರೆ ಅದನ್ನು ಏನೆಂದು ಕರೆಯಬೇಕು? ಅವನು ಯಾವ ಮುಯ್ಯಿಯನ್ನು ಬಯಸಿ ಬಂದನು? ನಾವು ಅದನ್ನು ತೀರಿಸಿದೆವೇ? ಫಿಲಿಪೈನ್ಸ್, ನೇಪಾಳ ಮೊದಲಾದ ದೇಶಗಳಲ್ಲಿ ಇಂಥ ಅಂತರರಾಷ್ಟ್ರೀಯ ಸ್ವಯಂಸೇವೆಯ ಐವತ್ತನೆಯ, ಅರುವತ್ತನೆಯ ವರ್ಷಗಳ ಉತ್ಸವಗಳು ನಡೆದಿವೆ. ನಮ್ಮ ದೇಶದಲ್ಲಿ ಅದು 15 ವರ್ಷ ನಡೆದು ನಿಂತುಹೋಯಿತು. ಉತ್ಸವ ಮಾಡುವ ಪ್ರಸಂಗ ನಮಗಿಲ್ಲವಾದರೂ ಲೆಕ್ಕ ನೋಡುವ ಪ್ರಸಂಗವು ಇದ್ದೇ ಇದೆ. ಆ ಲೆಕ್ಕವನ್ನು ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಸ್ವಯಂಸೇವಕನು ಯಾರು?

ಮೊದಲು ಶಬ್ದದ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ಪರದೇಶದವರು ನಮ್ಮ ಸೀಮೆಗೆ ಬಂದುದು ಹೊಸತೇನಲ್ಲ. ಗುಡೂರಿಗೆ ಹತ್ತಿರದ ಗುಳೇದಗುಡ್ಡದಲ್ಲಿಯೇ ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಬಾಸೆಲ್ ಮಿಶನ್ನಿನ ಪಾದ್ರಿಗಳು ನೆಲೆಸಿದ್ದರು. ಅವರು ಶಾಲೆಗಳನ್ನು ತೆರೆದರು, ರೋಗಿಗಳನ್ನು ಉಪಚರಿಸಿದರು. ಆದರೆ ಅವರು ಬಂದುದು ತಮ್ಮ ಮತದ ಪ್ರಸಾರಕ್ಕಾಗಿ. ಸ್ವಾತಂತ್ರ್ಯದ ನಂತರ ಅಣೆಕಟ್ಟು, ಕಾರಖಾನೆಗಳಿಗೆಂದು ಹೊರದೇಶದ ತಜ್ಞರು ಬಂದರು. ಅವರಿಗೆ ತಕ್ಕ ಸಂಬಳವೂ ಬಂಗಲೆಯೂ ಇದ್ದವು. ಸ್ವಯಂಸೇವಕನು ಈ ಎರಡೂ ವರ್ಗಕ್ಕೆ ಸೇರಿದವನಲ್ಲ. ಅವನು ಮತವನ್ನು ಬೋಧಿಸಕೂಡದು, ಅಧಿಕಾರವನ್ನು ಚಲಾಯಿಸಕೂಡದು. ಊಟಕ್ಕೂ ವಸತಿಗೂ ಸಾಲುವಷ್ಟನ್ನು ಮಾತ್ರ ಪಡೆದು, ಊರವರಂತೆ ಊರಿನಲ್ಲಿದ್ದು, ಗೊತ್ತಾದ ಅವಧಿಯವರೆಗೆ ದುಡಿದು ಹಿಂದಿರುಗತಕ್ಕವನು.

ಈ ಕಲ್ಪನೆಯು ಹುಟ್ಟಿದ್ದು ಯುದ್ಧದ ಬೂದಿಯಲ್ಲಿ. ಪಿಯೇರ್ ಸೆರೆಸೋಲ್ ಎಂಬವನು ಸ್ವಿಟ್ಜರ್ಲೆಂಡಿನ ಒಬ್ಬ ಇಂಜಿನಿಯರನು. ಅವನ ತಂದೆ ಆ ದೇಶದ ಅಧ್ಯಕ್ಷಪದವಿಯಲ್ಲಿದ್ದವನು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಫ್ರಾನ್ಸಿನ ವೆರ್ದುನ್ ರಣಭೂಮಿಯ ಬಳಿಯ ಎನ್ ಎಂಬ ನೆಲಸಮವಾದ ಹಳ್ಳಿಯಲ್ಲಿ ಅವನು ಬೇರೆಬೇರೆ ದೇಶಗಳ ಕೆಲವರನ್ನು ಕೂಡಿಸಿಕೊಂಡು ಮನೆಗಳನ್ನು ಕಟ್ಟಲು ತೊಡಗಿದನು. ಆ ಗುಂಪಿನಲ್ಲಿ ನಿನ್ನೆಯವರೆಗೆ ಶತ್ರುವೆನಿಸಿದ್ದ ಜರ್ಮನಿಯವರೂ ಇದ್ದರು. ಬಂದೂಕು ಹೊರುವ ಸೇವೆಯ ಬದಲು ಸಲಿಕೆ ಹಿಡಿಯುವ ಸೇವೆ ಇರಬೇಕೆಂಬುದು ಅವನ ವಾದವಾಗಿತ್ತು. ಹೀಗೆ ಹುಟ್ಟಿದ ಸಂಸ್ಥೆಯೇ ‘ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್’.

1934ರ ಜನವರಿ 15ರಂದು ಬಿಹಾರದಲ್ಲಿ ಭಯಂಕರ ಭೂಕಂಪವಾಯಿತು. ಬಾಬು ರಾಜೇಂದ್ರಪ್ರಸಾದರು ಪರಿಹಾರಕಾರ್ಯದ ಮುಂದಾಳುತನವನ್ನು ವಹಿಸಿದರು. ಆ ವರ್ಷವೇ ಸೆರೆಸೋಲನು ಭಾರತಕ್ಕೆ ಬಂದನು. ಅವನ ಹಿಂದೆ ಇನ್ನು ಕೆಲವು ಸಂಗಡಿಗರು ಬಂದರು. ಭೂಕಂಪದಿಂದ ನೆಲವು ಕುಸಿದು ನೆರೆಯ ನೀರು ಹಳ್ಳಿಗಳನ್ನು ನುಗ್ಗತೊಡಗಿದ್ದಿತು. ಮುಜಫ್ಫರಪುರದ ಕಡೆಯ ಅಂಥ ಹಳ್ಳಿಗಳನ್ನು ಎತ್ತರದ ನೆಲದಲ್ಲಿ ಮರಳಿ ಕಟ್ಟುವ ಕೆಲಸಕ್ಕೆ ಈ ಪರದೇಶಿಗಳು ಮಣ್ಣು ಹೊತ್ತರು. ಬಿಳಿಯ ದೊರೆಗಳ ಆಳಿಕೆಯ ಕಾಲದಲ್ಲಿ ಬಿಳಿಯ ಮನುಷ್ಯನೊಬ್ಬನು ತಲೆಯ ಮೇಲೆ ಬುಟ್ಟಿ ಹೊರುವುದನ್ನು ಕಂಡ ಹಳ್ಳಿಗರಿಗೆ ಎಷ್ಟು ಆಶ್ಚರ್ಯವಾಗಿರಬೇಕೆಂಬುದನ್ನು ನಾವು ಊಹಿಸಬಹುದು. ನಮ್ಮ ದೇಶದಲ್ಲಿ ಅಂತರರಾಷ್ಟ್ರೀಯ ಸ್ವಯಂಸೇವೆಯ ಮೊದಲ ಅಧ್ಯಾಯಗಳಲ್ಲಿ ಇದು ಒಂದು.

ಹುಬ್ಬಳ್ಳಿಯೂ ಆನ್ ಆರ್ಬರೂ

ಆದರೆ ಸೇವಾದಳದ ಶಿಸ್ತನ್ನು ನಾವು ಹೊರಗಿನವರಿಂದಲೇ ಕಲಿತೆವೆಂದು ತಿಳಿದರೆ ತಪ್ಪಾದೀತು. ಧಾರವಾಡದಲ್ಲಿ 1889ರಲ್ಲಿ ಹುಟ್ಟಿದ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ ಅವರು ವೈದ್ಯಶಿಕ್ಷಣದ ತರುವಾಯ ಅಮೇರಿಕೆಗೆ ಹೋಗಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅಭ್ಯಾಸ ಮಾಡಿದರು. ಅಲ್ಲಿ ಲಾಲಾ ಲಜಪತರಾಯರ ಸಂಗಡ ಸ್ವರಾಜ್ಯದ ಪ್ರಚಾರಕ್ಕೆ ದುಡಿದು, 1921ರಲ್ಲಿ ಸ್ವದೇಶಕ್ಕೆ ಮರಳಿದರು. 1923ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ಅವರು ಕಟ್ಟಿದ ಹಿಂದುಸ್ತಾನಿ ಸೇವಾದಳವು ದೇಶಕ್ಕೆಲ್ಲ ಸ್ವಯಂಸೇವಕರನ್ನು ತಯಾರಿಸಿತು. ಅದರ ಮಹಿಳಾ ಶಾಖೆಯನ್ನು ಉಮಾಬಾಯಿ ಕುಂದಾಪುರ ಅವರು ನಡೆಸಿದರು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ಜರುಗಿದಾಗ ಅಲ್ಲಿಯ ವ್ಯವಸ್ಥೆಯಲ್ಲಿ ಈ ದಳದವರ ಪಾಲು ದೊಡ್ಡದಾಗಿತ್ತು.

ಇಲ್ಲಿ ಒಂದು ಯೋಗಾಯೋಗವನ್ನು ಗಮನಿಸಬೇಕು. ಹರ್ಡೀಕರರು ಕಲಿತ ಅದೇ ಮಿಶಿಗನ್ ವಿಶ್ವವಿದ್ಯಾಲಯದ ಊರು ಆನ್ ಆರ್ಬರ್. ಅವರು ಅಲ್ಲಿಂದ ಬಂದು ನಲವತ್ತು ವರ್ಷ ತುಂಬುವ ಹೊತ್ತಿಗೆ, 1960ರ ಅಕ್ಟೋಬರ್ 14ರ ನಸುಕಿನ ಎರಡು ಗಂಟೆಗೆ, ಅಧ್ಯಕ್ಷಪದವಿಯ ಉಮೇದುವಾರರಾಗಿದ್ದ ಜಾನ್ ಕೆನಡಿಯವರು ಆ ವಿಶ್ವವಿದ್ಯಾಲಯದ ಮೆಟ್ಟಿಲುಗಳ ಮೇಲೆ ನಿಂತು ತಮಗಾಗಿ ಕಾದಿದ್ದ ಸಾವಿರಾರು ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆಯನ್ನು ಹಾಕಿದರು: ನಿಮ್ಮಲ್ಲಿ ಎಷ್ಟು ಜನ ಪರದೇಶಗಳಿಗೆ ಹೋಗಿ ಅಲ್ಲಿಯ ಜನರ ನಡುವೆ ದುಡಿಯಲು ಸಿದ್ಧರಿದ್ದೀರಿ? ಭಾಷಣ ಕೆಲವೇ ನಿಮಿಷಗಳದು. ಆದರೆ ವಿದ್ಯಾರ್ಥಿಗಳು ಅದನ್ನು ಅಷ್ಟಕ್ಕೇ ಬಿಡಲಿಲ್ಲ. ತಾವು ಸಿದ್ಧರೆಂದು ಸಹಿಗಳನ್ನು ಕೂಡಿಸಿ ಕಳುಹಿಸಿದರು. ಮುಂದೆ ಲೋಕಪ್ರಸಿದ್ಧವಾದ ‘ಪೀಸ್ ಕೋರ್’ ಅಥವಾ ಶಾಂತಿದಳಕ್ಕೆ ಬಲ ಬಂದುದು ಹೀಗೆ ಕಾಲೇಜಿನ ಅಂಗಳದಿಂದ ಎಂಬುದನ್ನು ವಿದ್ಯಾರ್ಥಿಗಳಾದ ನಾವು ಮರೆಯಬಾರದು.

ಶಾಂತಿದಳದ ರಚನೆ

ಕೆನಡಿಯವರು ಅಧ್ಯಕ್ಷರಾದ ಮೇಲೆ 1961ರ ಮಾರ್ಚ್ 1ರಂದು ಆಜ್ಞೆಯ ಮೂಲಕ ಶಾಂತಿದಳವನ್ನು ಸ್ಥಾಪಿಸಿದರು. ಅದೇ ಸಪ್ಟೆಂಬರ್ 22ರಂದು ಅದಕ್ಕೆ ಕಾಯದೆಯ ಆಧಾರ ದೊರೆಯಿತು. ಅದರ ಮೊದಲ ನಿರ್ದೇಶಕರಾದ ಸಾರ್ಜೆಂಟ್ ಶ್ರೈವರ್ ಅವರು ಆ ವರ್ಷವೇ ದಿಲ್ಲಿಗೆ ಬಂದು ಪಂಡಿತ ನೆಹರೂರವರನ್ನು ಕಂಡು ಮಾತನಾಡಿದರು.

ದಳದ ಗುರಿಗಳು ಮೂರು. ಮೊದಲನೆಯದು, ಕೇಳಿದ ದೇಶಕ್ಕೆ ತರಬೇತಿಯುಳ್ಳ ಜನರನ್ನು ಒದಗಿಸುವುದು. ಎರಡನೆಯದು, ಆ ದೇಶದವರು ಅಮೇರಿಕೆಯವರನ್ನು ಸರಿಯಾಗಿ ಅರಿಯುವಂತೆ ಮಾಡುವುದು. ಮೂರನೆಯದು, ಅಮೇರಿಕೆಯವರು ಇತರ ದೇಶದವರನ್ನು ಸರಿಯಾಗಿ ಅರಿಯುವಂತೆ ಮಾಡುವುದು. ಮೂರರಲ್ಲಿ ಎರಡು ಗುರಿಗಳು ಅರಿವಿಗೆ ಸಂಬಂಧಿಸಿದವು, ಒಂದೇ ಒಂದು ಕೆಲಸಕ್ಕೆ ಸಂಬಂಧಿಸಿದ್ದು. ಅಂದರೆ ಬರುವವನು ಕೊಡಲಿಕ್ಕೂ ಬರುತ್ತಾನೆ, ಪಡೆಯಲಿಕ್ಕೂ ಬರುತ್ತಾನೆ ಎಂಬುದನ್ನು ಅದರ ವಿಧಾನದಲ್ಲಿಯೇ ಒಪ್ಪಿಕೊಂಡಂತಾಯಿತು. ನಮ್ಮ ಮುಯ್ಯಾಳಿನ ನೀತಿಗೆ ಇದು ಹತ್ತಿರವಲ್ಲವೇ?

ಸ್ವಯಂಸೇವಕನಿಗೆ ಸುಮಾರು ಮೂರು ತಿಂಗಳ ತರಬೇತಿ. ಅದರಲ್ಲಿ ಹೆಚ್ಚಿನ ಭಾಗ ಹೋಗತಕ್ಕ ನಾಡಿನ ಭಾಷೆಗೆ ಮೀಸಲು. ಬಳಿಕ ಎರಡು ವರ್ಷಗಳ ಸೇವೆ. ಸ್ಥಳದ ಜೀವನಮಟ್ಟಕ್ಕೆ ತಕ್ಕಷ್ಟು ಖರ್ಚಿನ ಹಣ. ಸೇವೆ ಮುಗಿಸಿ ಊರಿಗೆ ಮರಳಿದ ಮೇಲೆ ಬದುಕನ್ನು ಹೊಂದಿಸಿಕೊಳ್ಳಲೆಂದು ತಿಂಗಳಿಗೆ 75 ಡಾಲರಿನಂತೆ ಕೂಡಿಟ್ಟ ಒಂದು ಮೊತ್ತ. ಇಷ್ಟೇ ಆ ಕಾಲದ ಅವರ ಪ್ರಾಪ್ತಿ.

ಭಾರತದಲ್ಲಿ ಹದಿನೈದು ವರ್ಷ

ಮೊದಲ ತಂಡವು 1961ರ ಡಿಸೆಂಬರಿನಲ್ಲಿ ಪಂಜಾಬಕ್ಕೆ ಬಂದಿತು. ಅಲ್ಲಿಂದ ಮುಂದೆ ಒಂದೊಂದೇ ರಾಜ್ಯಕ್ಕೆ ಕಾರ್ಯವು ಹಬ್ಬಿತು. 1966-67ರ ಸುಮಾರಿಗೆ ಒಂದೇ ಕಾಲಕ್ಕೆ ಭಾರತದಲ್ಲಿದ್ದ ಸ್ವಯಂಸೇವಕರ ಸಂಖ್ಯೆ ಸಾವಿರವನ್ನು ದಾಟಿತ್ತು. 1976ರ ವೇಳೆಗೆ ಒಟ್ಟು ನಾಲ್ಕು ಸಾವಿರಕ್ಕಿಂತ ಹೆಚ್ಚು ಜನ ಇಲ್ಲಿ ದುಡಿದು ಹೋಗಿದ್ದರು. ಅಂದಿನ ಮೈಸೂರು ರಾಜ್ಯಕ್ಕೂ ತಂಡಗಳು ಬಂದವು. ಅವರು ಕನ್ನಡ ಕಲಿತು ಬಂದರು. ಬೇಸಾಯ, ಕೋಳಿ ಸಾಕಣೆ, ಪೌಷ್ಟಿಕ ಆಹಾರ, ಆರೋಗ್ಯ ಮುಂತಾದ ಕೆಲಸಗಳಲ್ಲಿ ತೊಡಗಿದರು.

ಇವರೆಲ್ಲ ದೊಡ್ಡ ತಜ್ಞರಾಗಿದ್ದರೆಂದು ವಾಚಕರು ಭಾವಿಸಬಾರದು. ಇವರಲ್ಲಿ ಬಹುಸಂಖ್ಯೆಯವರು ನಮ್ಮಂತೆಯೇ ಆಗತಾನೆ ಕಲಾವಿಭಾಗದ ಪದವಿ ಪಡೆದು ಹೊರಬಿದ್ದ ತರುಣ ತರುಣಿಯರು. ಇತಿಹಾಸ, ಸಾಹಿತ್ಯ, ರಾಜ್ಯಶಾಸ್ತ್ರ ಓದಿದವರು. ನೇಗಿಲು ಹಿಡಿದವರಲ್ಲ. ‘ಬಿ.ಎ. ಪಾಸಾದವನು ಹಳ್ಳಿಯಲ್ಲಿ ಏನು ಕಿಸಿಯುತ್ತಾನೆ?’ ಎಂದು ನಮ್ಮ ಕಟ್ಟೆಗಳ ಮೇಲೆ ನಡೆಯುವ ಚರ್ಚೆಯು ಅವರ ವಿಷಯದಲ್ಲಿಯೂ ನಡೆಯಿತು. ಅದಕ್ಕೆ ಉತ್ತರವನ್ನು ಕೋಳಿ ಸಾಕಣೆಯ ಉದಾಹರಣೆಯಿಂದ ನೋಡೋಣ.

ನಾಟಿ ಕೋಳಿಯು ತಿಪ್ಪೆ ಕೆದರಿ ತಾನೇ ಬದುಕುತ್ತದೆ. ವರ್ಷಕ್ಕೆ ಕೆಲವೇ ಹತ್ತು ಮೊಟ್ಟೆಗಳನ್ನು ಇಡುತ್ತದೆ. ವೈಟ್ ಲೆಗ್‌ಹಾರ್ನ್ ಜಾತಿಯ ಬಿಳಿಯ ಕೋಳಿಯು ಅದರ ಹಲವು ಪಟ್ಟು ಇಡುತ್ತದೆ, ಆದರೆ ಅದು ಸುಖಜೀವಿ. ಅದಕ್ಕೆ ಹೊಟ್ಟು ಹರಡಿದ ಒಣನೆಲದ ಮನೆ ಬೇಕು, ತೂಕಮಾಡಿ ಕಲಸಿದ ಆಹಾರ ಬೇಕು, ಕೊಕ್ಕರೆ ರೋಗ ಅಂಟದಂತೆ ಸಕಾಲಕ್ಕೆ ಲಸಿಕೆ ಬೇಕು, ಮೊಟ್ಟೆ ಕೆಡುವ ಮೊದಲೇ ಪೇಟೆಗೆ ಮುಟ್ಟಿಸುವ ಅನುಕೂಲತೆ ಬೇಕು. ಈ ನಾಲ್ಕು ಕೊಂಡಿಗಳಲ್ಲಿ ಒಂದು ಕಡಿದರೂ ರೈತನು ಸಾಲಕ್ಕೆ ಬೀಳುವನು. ಮರಿ ಒಂದು ಇಲಾಖೆಯದು, ಲಸಿಕೆ ಇನ್ನೊಂದು ದವಾಖಾನೆಯದು, ಸಾಲ ಬ್ಯಾಂಕಿನದು, ಮಾರಾಟ ವ್ಯಾಪಾರಿಯದು. ಇವುಗಳನ್ನು ಜೋಡಿಸಿ ಕಟ್ಟುವುದು ಪಶುವೈದ್ಯನ ವಿದ್ಯೆಗಿಂತ ತಿರುಗಾಟದ ತಾಳ್ಮೆಯನ್ನು ಹೆಚ್ಚಾಗಿ ಬೇಡುತ್ತದೆ. ಬೈಸಿಕಲ್ ಹತ್ತಿ ಆಫೀಸಿನಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಪೇಟೆಗೆ ಓಡಾಡುವ, ಲೆಕ್ಕ ಬರೆಯುವ, ಅರ್ಜಿ ಬರೆಯುವ, ‘ಇಂದು ಸಾಹೇಬರಿಲ್ಲ’ ಎಂದರೆ ನಾಳೆ ಮತ್ತೆ ಬರುವ ಮನುಷ್ಯನು ಬೇಕು. ಸಾಧಾರಣ ಪದವೀಧರನು ಉಪಯೋಗಕ್ಕೆ ಬಂದುದು ಇಲ್ಲಿಯೇ. ಪೇಟೆಯು ಸಮೀಪವಿದ್ದು ನಾಲ್ಕೂ ಕೊಂಡಿಗಳು ಕೂಡಿದಲ್ಲಿ ಕೋಳಿಮನೆಗಳು ನಿಂತವು. ಕೂಡದಿದ್ದಲ್ಲಿ ಬರಿಯ ಗೂಡುಗಳು ಉಳಿದವು.

ಭಾಷೆಯ ಸಂಗತಿಯನ್ನೂ ಇಲ್ಲಿ ಹೇಳಬೇಕು. ಪುಸ್ತಕದಲ್ಲಿ ‘ನಾನು ಹೋಗುತ್ತೇನೆ’ ಎಂದು ಕಲಿತ ಪರದೇಶಿಯೊಬ್ಬನು ನಮ್ಮ ಸಂತೆಯಲ್ಲಿ ಇಳಿದು ‘ನಾ ಹೊಕ್ಕೀನಿ’ ಎಂಬುದನ್ನು ಕೇಳಿದರೆ ಅವನ ಗತಿ ಏನಾಗಬಹುದು! ಬೆಂಗಳೂರಿನಿಂದ ಬಂದ ನಮ್ಮ ಅಧ್ಯಾಪಕರೇ ಮೊದಲ ತಿಂಗಳು ಕಕ್ಕಾಬಿಕ್ಕಿಯಾಗುವುದುಂಟು. ಆದರೂ ತಪ್ಪುತಪ್ಪಾಗಿ ಕನ್ನಡವಾಡುವ ವಿದೇಶೀಯನು ನಮ್ಮ ಮನೆಯ ಜಗಲಿಯವರೆಗೆ ಬರಬಲ್ಲನು. ಸರಿಯಾಗಿ ಇಂಗ್ಲಿಷ್ ಆಡುವ ಅಧಿಕಾರಿಯು ಚಾವಡಿಯಲ್ಲೇ ನಿಲ್ಲಬೇಕಾಗುತ್ತದೆ. ಊರವರ ಮಾತನ್ನು ಕಲಿಯುವುದೇ ಸೇವೆಯ ಮೊದಲ ಮೆಟ್ಟಿಲು ಎಂಬುದನ್ನು ಶಾಂತಿದಳವು ಚೆನ್ನಾಗಿ ಅರಿತಿತ್ತು.

ತಾರುಣ್ಯವು ಈ ಸೇವೆಗೆ ಕಡ್ಡಾಯವಾಗಿರಲಿಲ್ಲ. ಶ್ರೀಮತಿ ಲಿಲಿಯನ್ ಕಾರ್ಟರ್ ಎಂಬ ವಿಧವೆಯು 1966ರಲ್ಲಿ, ತಮ್ಮ 68ನೆಯ ವಯಸ್ಸಿನಲ್ಲಿ, ಮುಂಬಯಿಯ ಹತ್ತಿರದ ವಿಕ್ರೋಳಿಗೆ ಬಂದು ಕೆಲಸಗಾರರ ವಸತಿಯ ದವಾಖಾನೆಯಲ್ಲಿ ದಾದಿಯಾಗಿ ದುಡಿದರು. ಕುಷ್ಠರೋಗಿಗಳನ್ನೂ ಮುಟ್ಟಿ ಉಪಚರಿಸಿದರು. ಹತ್ತು ವರ್ಷಗಳಾದ ಮೇಲೆ ಅವರ ಮಗ ಜಿಮ್ಮಿ ಕಾರ್ಟರ್ ಅಮೇರಿಕೆಯ ಅಧ್ಯಕ್ಷರಾದರು. 1977ರಲ್ಲಿ ನಮ್ಮ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ತೀರಿಕೊಂಡಾಗ ಅಂತ್ಯಕ್ರಿಯೆಗೆ ಅಮೇರಿಕೆಯ ಪ್ರತಿನಿಧಿಗಳ ಮುಖಂಡರಾಗಿ ಬಂದವರು ಇದೇ ವೃದ್ಧ ದಾದಿ.

ನಿಂತುಹೋದುದೇಕೆ?

ಗುಣವನ್ನು ಹೇಳಿದ ಬಾಯಿಯಿಂದಲೇ ದೋಷವನ್ನೂ ಹೇಳದಿದ್ದರೆ ಲೆಕ್ಕವು ಪೂರ್ಣವಾಗುವುದಿಲ್ಲ. ಎರಡು ವರ್ಷಗಳ ಅವಧಿಯೇ ಮೊದಲ ದೋಷ. ಮೊದಲ ಆರು ತಿಂಗಳು ಮಾತು ತಿಳಿಯಲಿಕ್ಕೆ, ಮುಂದಿನ ಆರು ತಿಂಗಳು ಮನುಷ್ಯರು ತಿಳಿಯಲಿಕ್ಕೆ. ಕೆಲಸವು ಕೈಹತ್ತುವಷ್ಟರಲ್ಲಿ ಗಂಟುಮೂಟೆ ಕಟ್ಟುವ ಹೊತ್ತು. ಎರಡನೆಯದು, ನಮ್ಮಲ್ಲಿ ಗ್ರಾಮಸೇವಕನೂ ವಿಸ್ತರಣಾಧಿಕಾರಿಯೂ ಮೊದಲೇ ಇದ್ದರು. 1952ರ ಅಕ್ಟೋಬರ್ 2ರಂದೇ ಸಮುದಾಯ ವಿಕಾಸ ಯೋಜನೆಯು ಆರಂಭವಾಗಿದ್ದಿತು. ಅವರ ನಡುವೆ ಈ ಹೊಸಬನ ಸ್ಥಾನವೇನೆಂಬುದು ಅನೇಕ ಕಡೆ ಗೊತ್ತಾಗಲಿಲ್ಲ.

ಮೂರನೆಯದು ರಾಜಕಾರಣ. 1967ರಲ್ಲಿ ಅಮೇರಿಕೆಯ ಗುಪ್ತಚರ ಸಂಸ್ಥೆಯು ವಿದ್ಯಾರ್ಥಿಸಂಘಗಳೇ ಮುಂತಾದವುಗಳಿಗೆ ಒಳಗಿಂದೊಳಗೆ ಹಣ ಕೊಡುತ್ತಿದ್ದ ಸಂಗತಿ ಬಯಲಾಯಿತು. ಬೇಹುಗಾರಿಕೆಯಲ್ಲಿ ಕೆಲಸ ಮಾಡಿದವರನ್ನು ಸೇರಿಸಿಕೊಳ್ಳಬಾರದೆಂಬ ಕಟ್ಟಳೆ ಶಾಂತಿದಳದಲ್ಲಿ ಇದ್ದರೂ, ಸಂಶಯದ ನೆರಳು ಅಮಾಯಕರಾದ ಸ್ವಯಂಸೇವಕರ ಮೇಲೆಯೂ ಬಿದ್ದಿತು. 1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಅಮೇರಿಕೆಯು ತನ್ನ ಏಳನೆಯ ನೌಕಾದಳದ ಹಡಗುಗಳನ್ನು ಬಂಗಾಳ ಕೊಲ್ಲಿಗೆ ಕಳುಹಿಸಿದ ಮೇಲಂತೂ ಎರಡೂ ದೇಶಗಳ ಸ್ನೇಹವು ಬಹಳ ಹುಳಿಯಾಯಿತು. ಅದೇ ಕಾಲಕ್ಕೆ ಹಸಿರು ಕ್ರಾಂತಿಯಿಂದ ನಮ್ಮ ಕಣಜಗಳು ತುಂಬತೊಡಗಿದ್ದವು. ನಮ್ಮ ಪದವೀಧರರೇ ಕೆಲಸವಿಲ್ಲದೆ ಕುಳಿತಿರುವಾಗ ಪರದೇಶದ ಪದವೀಧರರೇಕೆ ಎಂಬ ಪ್ರಶ್ನೆಯೂ ನ್ಯಾಯವಾದುದೇ. ಸಂಖ್ಯೆಯು ವರ್ಷವರ್ಷಕ್ಕೆ ಇಳಿಯುತ್ತ ಬಂದು 1976ರಲ್ಲಿ ಕಾರ್ಯವು ಮುಕ್ತಾಯವಾಯಿತು. ಮೈಸೂರು ರಾಜ್ಯವು 1973ರ ನವಂಬರ್ 1ರಂದು ಕರ್ನಾಟಕವೆಂಬ ಹೆಸರನ್ನು ಪಡೆದು ಆಗ ಮೂರು ವರ್ಷವೂ ತುಂಬಿರಲಿಲ್ಲ.

ಹಾಗೆಂದು ಕಲ್ಪನೆಯು ಸಾಯಲಿಲ್ಲ. 1970ರಲ್ಲಿ ವಿಶ್ವಸಂಸ್ಥೆಯು ತನ್ನದೇ ಸ್ವಯಂಸೇವಕ ಕಾರ್ಯಕ್ರಮವನ್ನು ಸ್ಥಾಪಿಸಿತು. ಅದರಲ್ಲಿ ಶ್ರೀಮಂತ ದೇಶವು ಕೊಡುವುದು, ಬಡದೇಶವು ಪಡೆಯುವುದು ಎಂಬ ಭೇದವಿಲ್ಲ. ಯಾವ ದೇಶದವರೂ ಯಾವ ದೇಶಕ್ಕೂ ಹೋಗಬಹುದು. ಭಾರತೀಯರೂ ಹೋಗಿದ್ದಾರೆ. 1985ರಲ್ಲಿ ಡಿಸೆಂಬರ್ 5ನ್ನು ಸ್ವಯಂಸೇವಕರ ಅಂತರರಾಷ್ಟ್ರೀಯ ದಿನವನ್ನಾಗಿ ವಿಶ್ವಸಂಸ್ಥೆಯು ಗೊತ್ತುಮಾಡಿತು. ಇದು ಮುಯ್ಯಾಳಿನ ನಿಜವಾದ ದಾರಿ.

ನಮ್ಮ ಪಾಲಿನ ಮುಯ್ಯಿ

ಈಗ ನಮ್ಮ ಕಡೆಗೆ ತಿರುಗೋಣ. ಗಾಂಧೀಜಿಯವರ ಶತಮಾನೋತ್ಸವದ ವರ್ಷವಾದ 1969ರ ಸಪ್ಟೆಂಬರ್ 24ರಂದು, ಡಾ. ವಿ. ಕೆ. ಆರ್. ವಿ. ರಾವ್ ಅವರು ಕೇಂದ್ರದ ಶಿಕ್ಷಣಮಂತ್ರಿಗಳಾಗಿದ್ದಾಗ, 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯು ಆರಂಭವಾಯಿತು. ನಮ್ಮ ಕಾಲೇಜುಗಳಲ್ಲಿ ಇಂದಿಗೂ ನಡೆಯುತ್ತಿರುವುದು ಅದೇ. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಏಳು ದಿನಗಳ ವಿಶೇಷ ಶಿಬಿರ.

ಅಂಥ ಒಂದು ಶಿಬಿರಕ್ಕೆ ನಾನೂ ಹೋಗಿದ್ದೆನು. ಹಳ್ಳಿಯ ಹೆಸರು ಬೇಡ. ಏಳು ದಿನಗಳಲ್ಲಿ ಗಟಾರುಗಳನ್ನು ಬಳಿದೆವು, ಶಾಲೆಯ ಸುತ್ತ ಬೇವು ಹೊಂಗೆಯ ಸಸಿಗಳನ್ನು ಹಚ್ಚಿದೆವು, ಸಮಾರೋಪದಲ್ಲಿ ಹಾರ ಹಾಕಿಸಿಕೊಂಡು ಭಾಷಣ ಮಾಡಿ ಬಸ್ಸು ಹತ್ತಿದೆವು. ಮರುವರ್ಷದ ಬೇಸಿಗೆಯಲ್ಲಿ ಬೇರೆ ಕೆಲಸಕ್ಕೆಂದು ಆ ಊರಿಗೆ ಹೋದಾಗ ಒಣಗಿದ ಕಡ್ಡಿಗಳು ಸಾಲಾಗಿ ನಿಂತಿದ್ದವು. ಶಾಲೆಯ ಎದುರುಮನೆಯ ಮುದುಕಿ ನನ್ನ ಗುರುತು ಹಿಡಿದಳು. “ಗಿಡ ಹಚ್ಚಿ ಹ್ವಾದ್ರಿ, ಖರೆ, ನೀರ ಹಾಕವ್ರು ಯಾರಂತ ಹೇಳಿ ಹೋಗ್ಲಿಲ್ಲಲ್ಲೋ ಯಪ್ಪಾ” ಎಂದಳು. ಆಕೆ ಬೈದಿರಲಿಲ್ಲ, ಕುಡಿಯಲು ನೀರು ತಂದುಕೊಟ್ಟಳು. ಆದರೂ ನನಗೆ ತಲೆ ಎತ್ತಲಾಗಲಿಲ್ಲ.

ಪರದೇಶದವರು ಎರಡು ವರ್ಷವಿದ್ದೂ ಸಾಲದಾಯಿತೆಂದು ಮೇಲೆ ಆಕ್ಷೇಪಿಸಿದೆನಲ್ಲ, ನಾವು ಏಳೇ ದಿನ ಇದ್ದೆವು. ಅವರಿಗೆ ಭಾಷೆಯ ಅಡ್ಡಿ ಇತ್ತು, ನಮಗೆ ಅದೂ ಇಲ್ಲ. ಅವರು ಸಮುದ್ರ ದಾಟಿ ಹಿಂದಿರುಗಬೇಕಾಗಿತ್ತು, ನಮಗೆ ಆ ಊರು ಬಸ್ಸಿನಲ್ಲಿ ಅರ್ಧ ತಾಸು. ಆ ಮುದುಕಿಯನ್ನಾಗಲಿ ಶಾಲೆಯ ಮಕ್ಕಳನ್ನಾಗಲಿ ಮೊದಲೇ ಕೇಳಿ, ಒಂದೊಂದು ಗಿಡವನ್ನು ಒಂದೊಂದು ಮನೆಗೆ ಒಪ್ಪಿಸಿ, ತಿಂಗಳಿಗೊಮ್ಮೆ ಇಬ್ಬರು ಹೋಗಿ ಬಂದಿದ್ದರೆ ಅರ್ಧದಷ್ಟಾದರೂ ಉಳಿಯುತ್ತಿದ್ದವು. ಕೋಳಿಮನೆಯ ನಾಲ್ಕು ಕೊಂಡಿಗಳ ಪಾಠವು ನಮ್ಮ ಗಿಡಕ್ಕೂ ಅನ್ವಯಿಸುತ್ತದೆ: ಸಸಿ, ಬೇಲಿ, ನೀರು, ಒಡೆತನ. ನಾವು ಮೊದಲನೆಯದನ್ನು ಮಾತ್ರ ಒಯ್ದಿದ್ದೆವು.

ಆದುದರಿಂದ ನನ್ನ ಸೂಚನೆಯು ಚಿಕ್ಕದು. ಪ್ರತಿವರ್ಷ ಹೊಸ ಹಳ್ಳಿಯನ್ನು ಹುಡುಕುವ ಬದಲು ಒಂದೇ ಹಳ್ಳಿಯನ್ನು ಐದು ವರ್ಷ ಹಿಡಿಯೋಣ. ಹಿರಿಯ ವಿದ್ಯಾರ್ಥಿಗಳು ಕಾಲೇಜು ಬಿಡುವಾಗ ಅರ್ಧಕ್ಕೆ ನಿಂತ ಕೆಲಸಗಳ ಪಟ್ಟಿಯನ್ನು ಕಿರಿಯರ ಕೈಗೆ ಕೊಟ್ಟು ಹೋಗಲಿ. ಊರವರಲ್ಲಿಯೂ ಕೆಲವರನ್ನು ಕಾಲೇಜಿಗೆ ಕರೆಯೋಣ. ಮಗ್ಗದ ಮುಂದೆ ಕುಳಿತ ನೇಕಾರನೂ ಎರೆಹೊಲದ ಒಕ್ಕಲಿಗನೂ ನಮ್ಮ ಅರ್ಥಶಾಸ್ತ್ರದ ತರಗತಿಗೆ ಕಲಿಸತಕ್ಕದ್ದು ಬಹಳ ಉಂಟು. ಅವರು ಬಂದು ಕಲಿಸಿದಾಗಲೇ ನಾವು ಹೋಗಿ ಬಳಿದ ಗಟಾರಿಗೆ ಮುಯ್ಯಿ ತೀರಿದಂತಾಗುತ್ತದೆ.

ವಿಕ್ರೋಳಿಯ ಆ ಮುದುಕಿ ದಾದಿಯು 68ನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಹೊರಟಳು. ನಮಗೆ ಇನ್ನೂ ಇಪ್ಪತ್ತು. ಬರುವ ಮಳೆಗಾಲಕ್ಕೆ ಆ ಹಳ್ಳಿಯ ಶಾಲೆಯ ಮುಂದೆ ಮತ್ತೆ ಕುಣಿ ತೋಡುವವರು ನನ್ನೊಡನೆ ಬರಲಿ. ಈ ಸಲ ನೀರು ಹಾಕುವವರು ಯಾರೆಂಬುದನ್ನು ಮೊದಲು ಗೊತ್ತುಮಾಡಿಯೇ ಸಲಿಕೆ ಹಿಡಿಯೋಣ.